ಹಣೆಯ ಮೇಲಿನ ಪಟ್ಟಿ

ಇದನ್ನು ಬರೆಯಲು ನಾನು ಕುಳಿತಿರುವುದು ಇದೇ ಮೊದಲ ಸಲವಲ್ಲ. ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಎರಡು ಸಲ ಶುರು ಮಾಡಿದ್ದೆ. ಒಮ್ಮೆ ಅರ್ಧ ಪುಟ, ಇನ್ನೊಮ್ಮೆ ಮೂರು ಸಾಲು. ಎರಡೂ ಸಲ ಆಕೆಯ ಹೆಸರು ಬರೆಯುವ ಜಾಗ ಬಂದಾಗ ಪೆನ್ನು ಕೆಳಗಿಟ್ಟೆ. ಯಾರೋ ಬಾಗಿಲು ಬಡಿದರು ಎಂದೋ, ಕಣ್ಣು ಮಂಜಾಗುತ್ತಿದೆ ಎಂದೋ ನೆಪ ಹೇಳಿಕೊಂಡೆ. ಆ ಹೆಸರು ಬರೆಯಲು ನನ್ನ ಕೈ ಯಾಕೆ ಹೆದರುತ್ತದೆ ಎಂಬುದು ಮುಂದೆ ತಿಳಿಯುತ್ತದೆ. ಈ ಸಲ ಹೆಸರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ, ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದಂತೆ, ಅಕ್ಕಾರು ಎಂದೇ ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಶಹಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಅಟೆಂಡರ್ ಆಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದೆ. ಪೇಷಂಟನ್ನು ಒಳಗೆ ತರುವುದು, ದೀಪ ತಿರುಗಿಸುವುದು, ಕೇಳಿದ ಪೈಪು ಕೈಗೆ ಕೊಡುವುದು, ಕೊನೆಗೆ ರಕ್ತದ ಬಟ್ಟೆಗಳನ್ನು ಹಳದಿ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು ನನ್ನ ಕೆಲಸ. ಥಿಯೇಟರಿನ ಹಿರಿಯ ಸಿಸ್ಟರ್ ಅಕ್ಕಾರು. ನನಗಿಂತ ಎರಡು ಮೂರು ವರ್ಷ ದೊಡ್ಡವರು. ತವರು ಕೃಷ್ಣೆಯ ದಂಡೆಯ ಒಂದು ಹಳ್ಳಿ, ತಂದೆ ಮೀನು ಹಿಡಿಯುತ್ತಿದ್ದವರು. ಮದುವೆಯಾಗಿ ಬಂದದ್ದು ಸುರಪುರದ ಪಕ್ಕದ ರಂಗಂಪೇಟೆಗೆ. ಅಲ್ಲಿಂದ ದಿನಾಲೂ ಬಸ್ಸಿನಲ್ಲಿ ಶಹಾಪುರಕ್ಕೆ ಬರುತ್ತಿದ್ದರು.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಎಡ ಮುಂಗೈ. ಥಿಯೇಟರಿನಲ್ಲಿ ಬಳೆ ಹಾಕುವಂತಿಲ್ಲ. ಆ ಜಾಗದಲ್ಲಿ ಬಿಳಿ ಅಂಟುಪಟ್ಟಿಯ ದೊಡ್ಡ ಸುರುಳಿಯೊಂದು ಬಳೆಯ ಹಾಗೆ ಕೂತಿರುತ್ತಿತ್ತು. ತುರುಬಿನಲ್ಲಿ ಒಂದು ಬಾಲ್‌ಪೆನ್ನು. "ಎಲ್ಲಾರಿಗಿ ಬಂಗಾರದ ಬಳಿ, ನನಗ ಪಲಾಸ್ಟರಿನ ಬಳಿ. ಕಳ್ಳರು ಸುದ್ದಾ ಮುಟ್ಟಂಗಿಲ್ಲ" ಎಂದು ನಗುತ್ತಿದ್ದರು. ನಗು ಅಷ್ಟಕ್ಕೇ. ಉಳಿದ ಹೊತ್ತು ಅವರ ಮುಖ ನೋಡಿದರೆ ಡಾಕ್ಟರುಗಳೂ ಮಾತು ಕಡಿಮೆ ಮಾಡುತ್ತಿದ್ದರು.

ಪ್ರತಿ ಗುರುವಾರ ಕಲಬುರಗಿಯಿಂದ ಕಿವಿ, ಮೂಗು, ಗಂಟಲಿನ ಡಾಕ್ಟರು ಬರುತ್ತಿದ್ದರು. ಅಂದು ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ಆಪರೇಷನ್. ಬೆಳಗಿನ ಓಪಿಡಿಯ ಜನಜಂಗುಳಿಯನ್ನು ನಡೆಸುತ್ತಿದ್ದವರು ಅಕ್ಕಾರೇ. ತೊಗರಿ ರಾಶಿಯ ದಿನಗಳಲ್ಲಿ ಮಕ್ಕಳ ಮೂಗಿನಲ್ಲಿ, ಕಿವಿಯಲ್ಲಿ ಕಾಳು ಸಿಕ್ಕಿಸಿಕೊಂಡು ಬರುವವರು ತಪ್ಪುತ್ತಿರಲಿಲ್ಲ. ಒಬ್ಬ ರೈತ ಮಗನ ಕಿವಿಗೆ ಹೋದ ಕಾಳು ಹೊರಬರಲೆಂದು ನೀರು ಹಾಕಿ, ಎರಡು ದಿನ ಕಾದು ಕರೆತಂದಿದ್ದ. ಹುಡುಗ ನೋವಿನಿಂದ ಕುಣಿಯುತ್ತಿದ್ದ.

"ಕಾಳಿಗಿ ನೀರು ಹಾಕಿದ್ರ ಏನಾಗ್ತದ?" ಎಂದರು ಅಕ್ಕಾರು.

"ನೆನೀತದ್ರಿ."

"ನೆಂದ ಮ್ಯಾಲ?"

"ಉಬ್ಬತದ್ರಿ."

"ತೊಗರಿ ಬಿತ್ತಾವರು ನೀವು. ನಾ ಹೊಳಿ ದಂಡಿಯಾಕಿ. ನಾ ನಿಮಗ ಹೇಳಬೇಕೇನು ಇದನ್ನ?"

ಬೈದಷ್ಟೇ ಜೋರಾಗಿ, ಆ ಹುಡುಗನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಡಾಕ್ಟರು ಕಾಳನ್ನು ಚೂರು ಚೂರಾಗಿ ತೆಗೆದು ಮುಗಿಸುವವರೆಗೆ ಅಲುಗದೆ ನಿಂತವರೂ ಅವರೇ.

ಇನ್ನೊಂದು ಸಲ ಮೂರು ವರ್ಷದ ಹುಡುಗಿಯ ಮೂಗಿನಲ್ಲಿ ಕಡಲೆ. ಡಾಕ್ಟರು ಚಿಮಟ ತೆಗೆದರೆ ಮಗು ಸೂರು ಹಾರಿಹೋಗುವಂತೆ ಕಿರುಚುತ್ತದೆ. ಅಕ್ಕಾರು ತಾಯಿಯನ್ನು ಮುಂದೆ ಕೂರಿಸಿ, "ಖಾಲಿ ಇರೋ ಮೂಗ ಒತ್ತಿ ಹಿಡಿ. ಮಗಳ ಬಾಯಿಗಿ ಬಾಯಿ ಹಚ್ಚಿ ಒಮ್ಮಿ ಜೋರಾಗಿ ಊದು. ಮುತ್ತು ಕೊಟ್ಟಂಗ ಮಾಡು, ಅಂಜಬ್ಯಾಡ" ಎಂದರು. ಎದುರಿಗೆ ಅತ್ತೆ, ಮಾವ, ಗಂಡ, ಸುತ್ತ ಮೂವತ್ತು ಜನ. ಆ ಹೆಣ್ಣುಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಕ್ಕಾರು ಒಂದು ಕ್ಷಣ ನೋಡಿ, "ಎಲ್ಲಾರೂ ಗ್ವಾಡಿ ಕಡಿ ಮಾರಿ ಮಾಡ್ರಿ!" ಎಂದು ಗದರಿದರು. ಎಲ್ಲರೂ ತಿರುಗಿದೆವು. ಡಾಕ್ಟರೂ ತಿರುಗಿದರು. ಫಟ್ ಎಂದು ಸದ್ದಾಯಿತು. ಕಡಲೆ ಹಾರಿ ಡಾಕ್ಟರ ಬೆನ್ನಿಗೆ ಬಡಿದು ಬಿತ್ತು. "ನೋಡ್ರಿ ಸರ್, ಫೀಸ್ ಬಂತು" ಎಂದರು ಅಕ್ಕಾರು. ಇಂಥ ಉಪಾಯ ಪುಸ್ತಕದಲ್ಲೂ ಇದೆ ಎಂದು ಡಾಕ್ಟರು ಆಮೇಲೆ ನನಗೆ ಹೇಳಿದರು.

ಆದರೆ ಅವರ ಇನ್ನೊಂದು ಮುಖವನ್ನು ನೋಡಿದ್ದು ಕೆಂಭಾವಿಯಿಂದ ಬಂದ ಒಂದು ಮಗುವಿನ ವಿಷಯದಲ್ಲಿ. ಅಂದು ಸೋಮವಾರ. ಆಟಿಕೆಯೊಳಗಿನ ಚಿಕ್ಕ ಗುಂಡು ಬ್ಯಾಟರಿಯನ್ನು ಮಗು ಮೂಗಿಗೆ ತೂರಿಸಿಕೊಂಡಿತ್ತು. ಅಳುತ್ತಲೂ ಇರಲಿಲ್ಲ, ಆಡುತ್ತಿತ್ತು. "ಗುರುವಾರ ಡಾಕ್ಟರು ಬರ್ತಾರಲ್ರಿ, ಅವತ್ತ ತರ್ತೀವಿ" ಎಂದ ತಂದೆ. ಅಕ್ಕಾರ ಮುಖ ಬಿಳುಚಿತು. "ಇದು ಕಾಳಲ್ಲಪ, ಒಳಗ ಸುಡಾಕತ್ತದ. ಗುರುವಾರತನಕ ಮೂಗಿನ ನಡುವಿನ ಗ್ವಾಡಿ ಉಳ್ಯಂಗಿಲ್ಲ. ಈಗ, ಈ ಗಳಿಗಿ, ಕಲಬುರಗಿಗಿ ನಡಿ" ಎಂದು ತಾವೇ ರಸ್ತೆಗೆ ಇಳಿದು, ಎರಡೂ ಕೈ ಅಗಲಿಸಿ ನಿಂತು ಒಂದು ಕಾರು ನಿಲ್ಲಿಸಿದರು. ಕಾರಿನವರು ಯಾರೋ ಮದುವೆಗೆ ಹೊರಟವರು. ಅವರನ್ನು ಒಪ್ಪಿಸಿ, ತಂದೆಯನ್ನೂ ಮಗುವನ್ನೂ ಕೂರಿಸಿ ಕಳಿಸಿದ ಮೇಲೆ, ಕಾರು ಮರೆಯಾಗುವವರೆಗೆ ರಸ್ತೆಯಲ್ಲೇ ನಿಂತು ನೋಡಿದರು. ಹೊತ್ತು ಮೀರುವುದು ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರಬೇಕು.

ಮೂಗಿನ ಆಪರೇಷನ್ ಮಾಡುವಾಗ ರಕ್ತ ಹಿಂದಿನಿಂದ ಗಂಟಲಿಗೆ ಇಳಿಯುತ್ತದೆ. ಅದು ಹೊಟ್ಟೆಗೂ ಶ್ವಾಸಕೋಶಕ್ಕೂ ಹೋಗದಿರಲೆಂದು, ಉಸಿರಿನ ಟ್ಯೂಬ್ ಹಾಕಿದ ಮೇಲೆ ಅದರ ಸುತ್ತ ಗಂಟಲಲ್ಲಿ ಒದ್ದೆ ಮಾಡಿದ ಉದ್ದನೆಯ ಗಾಜ್ ಬಟ್ಟೆಯನ್ನು ತುಂಬುತ್ತಿದ್ದರು. ಕೆಲಸ ಮುಗಿದ ಮೇಲೆ ಮೊದಲು ಆ ಬಟ್ಟೆ ಹೊರಗೆ ಬರಬೇಕು, ಆಮೇಲೆ ಟ್ಯೂಬು. ಬಟ್ಟೆ ಉಳಿದು ಟ್ಯೂಬು ಮಾತ್ರ ಹೊರಬಂದರೆ ಉಸಿರಿನ ದಾರಿ ಮುಚ್ಚಿತು ಎಂದೇ ಅರ್ಥ. ಯಾಕೆಂದರೆ ಅಷ್ಟರಲ್ಲಿ ಮೂಗಿನ ಎರಡೂ ಹೊಳ್ಳೆಗಳನ್ನು ಸ್ಪಂಜಿನಿಂದ ಮುಚ್ಚಿರುತ್ತಾರೆ. ಈಗ ಎಷ್ಟೋ ಡಾಕ್ಟರುಗಳು ಈ ಬಟ್ಟೆ ಇಡುವುದನ್ನೇ ಬಿಟ್ಟಿದ್ದಾರಂತೆ. ಆಗ ನಮ್ಮಲ್ಲಿ ಎಲ್ಲರಿಗೂ ಇಡುತ್ತಿದ್ದರು.

ಅದಕ್ಕೆ ಅಕ್ಕಾರು ಒಂದು ಕಟ್ಟಳೆ ಮಾಡಿದ್ದರು. ಬಟ್ಟೆ ಒಳಗೆ ಹೋದ ಕೂಡಲೇ ಮುಂಗೈಯ ಸುರುಳಿಯಿಂದ ಪಟ್ಟಿ ಹರಿದು, ತುರುಬಿನ ಪೆನ್ನು ತೆಗೆದು "ಬಟ್ಟಿ ಅದ" ಎಂದು ಬರೆದು, ಪೇಷಂಟಿನ ಹಣೆಗೆ ಅಂಟಿಸುವರು. ಬಾಯಿ ಬಿಟ್ಟು "ಬಟ್ಟಿ ಒಳಗದ" ಎನ್ನುವರು. ಥಿಯೇಟರಿನಲ್ಲಿ ಇದ್ದವರೆಲ್ಲ, ಡಾಕ್ಟರುಗಳೂ ಸೇರಿ, "ಒಳಗದ" ಎನ್ನಬೇಕು. ಬಟ್ಟೆ ಹೊರಗೆ ಬಂದಾಗ ಅದನ್ನು ಎಲ್ಲರಿಗೂ ಎತ್ತಿ ತೋರಿಸಿ, ಆಮೇಲೆ ತಮ್ಮ ಕೈಯಿಂದಲೇ ಪಟ್ಟಿ ಕೀಳುವರು.

"ಅಕ್ಕಾರ, ಇದೇನು ಥಿಯೇಟರೋ ಭಜನಿ ಮ್ಯಾಳೋ?" ಎಂದು ಅರಿವಳಿಕೆ ಡಾಕ್ಟರು ಚೇಷ್ಟೆ ಮಾಡುತ್ತಿದ್ದರು.

"ನೀವು ದನಿ ಹಚ್ಚಿ ಅನ್ರಿ ಸರ್. ನಿಮ್ಮ ದನಿ ಛಲೋ ಅದ."

ಗೋಡೆಯ ಮೇಲೆ ಬರೆಯುವ ಬೋರ್ಡು ಇತ್ತಲ್ಲ, ಅದರ ಮೇಲೆ ಬರೆದರೆ ಸಾಲದೇ ಎಂದು ನಾನು ಒಮ್ಮೆ ಕೇಳಿದೆ. "ಗ್ವಾಡಿ ಯಾರು ನೋಡ್ತಾರೋ ತಮ್ಮ? ಟ್ಯೂಬ್ ತೆಗೆಯಾಂವ ಮಾರಿ ನೋಡ್ತಾನ" ಎಂದರು. ಆಮೇಲೆ ಚಿಮಟಗಳನ್ನು ಒರೆಸುತ್ತ ಹೇಳಿದರು: "ನಮ್ಮಪ್ಪ ಹೊಳ್ಯಾಗ ಮೀನಿನ ಬಲಿ ಬಿಟ್ಟು ಬರ್ತಿದ್ದ. ದಂಡಿ ಮ್ಯಾಲ ಗೂಟ ಬಡದು ಕೆಂಪು ಚಿಂದಿ ಕಟ್ಟತಿದ್ದ. ನೀರಾಗಿನ ಬಲಿ ಕಣ್ಣಿಗಿ ಕಾಣಂಗಿಲ್ಲ, ಚಿಂದಿ ಕಾಣತದ. ಬ್ಯಾರೆ ಯಾರರ ಆ ಚಿಂದಿ ಬಿಚ್ಚಿದ್ರೋ, ಅವತ್ತ ನಮ್ಮಪ್ಪ ಅನ್ನ ಉಣ್ಣತಿದ್ದಿಲ್ಲ. ಇಡೀ ದಿನ ಹೊಳ್ಯಾಗ ಹುಡಕತಿದ್ದ."

ಈ ಪಟ್ಟಿಯಿಂದ ಒಂದು ತೊಡಕಿತ್ತು. ನಮ್ಮ ಕಡೆ ಆಪರೇಷನ್ನಿಗೆ ಬರುವವರು ಹಣೆಗೆ ವಿಭೂತಿಯನ್ನೋ ಅರಿಶಿನದ ಭಂಡಾರವನ್ನೋ ಹಚ್ಚಿಕೊಂಡೇ ಬರುತ್ತಾರೆ. ಅದರ ಮೇಲೆ ಪಟ್ಟಿ ಅಂಟುವುದಿಲ್ಲ. ಅಕ್ಕಾರು ಬಾಗಿಲಲ್ಲೇ ಸ್ಪಿರಿಟ್ಟಿನ ಹತ್ತಿಯಿಂದ ಹಣೆಯನ್ನು ಒರೆಸಿಬಿಡುತ್ತಿದ್ದರು. ಹೊರಗೆ ನಿಂತ ಹಿರಿಯರಿಗೆ ಅದು ಅಪಶಕುನವಾಗಿ ಕಾಣುತ್ತಿತ್ತು. "ಬರಿ ಹಣಿಲೆ ಒಳಗ ಒಯ್ಯಬ್ಯಾಡ್ರಿ" ಎಂದು ಅಳುತ್ತಿದ್ದರು. ಆಗ ನಾನು ಅವರ ಹತ್ತಿರ ಹೋಗಿ, "ಈಬತ್ತಿ ನನ್ನ ಕೈಯಾಗ ಕೊಡ್ರಿ, ಎಲ್ಲಾ ಮುಗದ ಮ್ಯಾಲ ನಾ ಹಚ್ಚತೇನಿ" ಎನ್ನುತ್ತಿದ್ದೆ. ಟ್ಯೂಬು ಪಟ್ಟಿ ಎಲ್ಲ ತೆಗೆದ ಮೇಲೆ, ಪೇಷಂಟನ್ನು ಹೊರಗೆ ತರುವ ಮೊದಲು, ಮುಖ ಒರೆಸಿ ವಿಭೂತಿ ಹಚ್ಚುತ್ತಿದ್ದೆ. ಹೊರಗಿನವರು ಅದನ್ನು ಕಂಡ ಕೂಡಲೇ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಡಾಕ್ಟರಿಗೂ ಸಿಗದ ಮರ್ಯಾದೆ ನನಗೆ ಸಿಗುತ್ತಿತ್ತು. ಶಹಾಪುರದ ಸಂತೆಯಲ್ಲಿ ಗುರುತು ಹಿಡಿದು "ಈಬತ್ತಿ ಅಣ್ಣಾರು" ಎಂದು ಕರೆಯುವವರಿದ್ದರು. ಅದು ಭಕ್ತಿಯ ಕೆಲಸ ಎಂದು ಹೇಳಿಕೊಂಡಿದ್ದೆ. ಈಗ ಕೇಳಿಕೊಂಡರೆ, ಆ ಹೆಸರಿನ ಆಸೆಯೇ ಹೆಚ್ಚಾಗಿತ್ತು.

ಆ ಗುರುವಾರ ದೋರನಹಳ್ಳಿಯ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ದುರ್ಬೀನಿನ ಆಪರೇಷನ್ ಇತ್ತು. ಎರಡು ವರ್ಷದಿಂದ ಮೂಗಿನಲ್ಲಿ ದುರ್ಮಾಂಸ ಬೆಳೆದು ವಾಸನೆಯೇ ತಿಳಿಯುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲವಂತೆ. ಜೊತೆಗೆ ಬಂದವಳು ಅಜ್ಜಿ. ಅಕ್ಕಾರು ಮೊಮ್ಮಗಳ ಹಣೆ ಒರೆಸಿದ್ದನ್ನು ನೋಡಿ ಆ ಮುದುಕಿ ಗೋಡೆಗೆ ಒರಗಿಬಿಟ್ಟಳು. ನಾನು ಹತ್ತಿರ ಹೋದೆ. ಕಾಗದದ ಪೊಟ್ಟಣ ಕೊಟ್ಟು, "ಮುಗದ ಮ್ಯಾಲ ಬ್ಯಾಡಪ. ಎಚ್ಚರ ಆಗೂದ್ರಾಗ ಹಚ್ಚು. ಕಣ್ಣ ತಗ್ಯಾಗ ಹಣಿ ಖಾಲಿ ಇರಬಾರದು. ನನ್ನ ಆಣಿ" ಎಂದಳು.

"ಆತವ್ವ" ಎಂದೆ.

ಆಪರೇಷನ್ ಚೆನ್ನಾಗಿಯೇ ನಡೆಯಿತು. ಟಿವಿಯಂಥ ಪರದೆಯ ಮೇಲೆ ದ್ರಾಕ್ಷಿಯ ಗೊಂಚಲಿನಂಥ ಗಡ್ಡೆಗಳು ಒಂದೊಂದಾಗಿ ಬಿಡಿಸಿಕೊಂಡು ಬಂದವು. ಹೊಳ್ಳೆಗಳಿಗೆ ಸ್ಪಂಜು ತುಂಬಿದ ಮೇಲೆ ಇಎನ್‌ಟಿ ಡಾಕ್ಟರು ಗಡ್ಡೆಗಳನ್ನು ಸ್ಟೀಲ್ ಬಟ್ಟಲಿನಲ್ಲಿ ಹಾಕಿಕೊಂಡು ಮನೆಯವರಿಗೆ ತೋರಿಸಲು ಹೊರಗೆ ಹೋದರು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕೂಗು ಬಂತು. ಅಂದು ಅಲ್ಲಿಯ ಸಿಸ್ಟರ್ ರಜೆ. ಅಕ್ಕಾರು ಒಂದು ಗಳಿಗೆ ನಿಂತರು. ಹೋಗಲು ಮನಸ್ಸಿಲ್ಲ, ಹೋಗದೆ ವಿಧಿಯಿಲ್ಲ.

"ತಮ್ಮ, ಹಣಿ ಕಾಯಿ. ನಾ ಬರೂತನಕ ಪಟ್ಟಿ ಕಡಿ ನೋಡಕೋತ ಇರು" ಎಂದು ಓಡಿದರು.

ಅರಿವಳಿಕೆ ಡಾಕ್ಟರು ಫೋನಿನಲ್ಲಿದ್ದರು. ಅವರು ಯಾದಗಿರಿಯವರು, ನಾಲ್ಕು ಆಸ್ಪತ್ರೆಗೆ ಒಬ್ಬರೇ. ಸುರಪುರದಲ್ಲಿ ಸಿಸೇರಿಯನ್ನಿಗೆ ಒಬ್ಬಳನ್ನು ಮೇಜಿನ ಮೇಲೆ ಮಲಗಿಸಿ ಇವರಿಗಾಗಿ ಕಾಯುತ್ತಿದ್ದರು. "ಹತ್ತು ನಿಮಿಷದಾಗ ಹೊಂಟೆ" ಎಂದು ಅವರು ಬೆನ್ನು ತಿರುಗಿಸಿ ಮಾತಾಡುವಾಗ ಹುಡುಗಿಯ ಕಣ್ಣುರೆಪ್ಪೆ ಅದುರಿತು. ಎಚ್ಚರ ಆಗುತ್ತಿದೆ ಎಂದುಕೊಂಡೆ. ಅಜ್ಜಿಯ ಆಣೆ ನೆನಪಾಯಿತು. ಪಟ್ಟಿಯನ್ನು ಮೆಲ್ಲಗೆ ಕಿತ್ತೆ. ಪೊಟ್ಟಣ ಬಿಚ್ಚಿ ಮೂರು ಬೆರಳಿನಿಂದ ವಿಭೂತಿ ಎಳೆದೆ. ಪಟ್ಟಿಯನ್ನು ಅದರ ಕೆಳಗೆ, ಹುಬ್ಬಿನ ಹತ್ತಿರ, ಮತ್ತೆ ಅಂಟಿಸಲು ನೋಡಿದೆ. ಬೆರಳಿನ ಬೂದಿ ತಾಗಿ ಅಂಟು ಹೋಗಿತ್ತು. ಒತ್ತಿದೆ, ಜಾರಿತು. ಮತ್ತೆ ಒತ್ತಿದೆ. ಅಷ್ಟರಲ್ಲಿ ಡಾಕ್ಟರು ಫೋನ್ ಇಟ್ಟು "ಸಕ್ಷನ್ ಕೊಡು" ಎಂದರು. ಪಟ್ಟಿಯನ್ನು ಜೇಬಿಗೆ ಹಾಕಿ ರಕ್ತ ಎಳೆಯುವ ಪೈಪು ಕೊಟ್ಟೆ.

ಅವರು ಬಾಯಿಯೊಳಗೆ ಎರಡು ಸಲ ಪೈಪು ಆಡಿಸಿದರು. ಬಗ್ಗಿ ಹುಡುಗಿಯ ಮುಖ ನೋಡಿದರು.

"ಹಣಿ ಮ್ಯಾಲ ಪಟ್ಟಿ ಇಲ್ಲ. ಅಕ್ಕಾರು ಬಟ್ಟಿ ತಗದು ಹೋಗ್ಯಾರ. ಟ್ಯೂಬ್ ತೆಗೀತೇನಿ" ಎಂದರು.

ಆ ಮಾತು ಮುಗಿಯುವುದಕ್ಕೂ ಅವರ ಕೈ ಟ್ಯೂಬಿಗೆ ಹೋಗುವುದಕ್ಕೂ ನಡುವೆ ಹೊತ್ತು ಇತ್ತು. ನಾನು ಅದನ್ನು ಎಷ್ಟೋ ಸಲ ಅಳೆದಿದ್ದೇನೆ. "ತಡೀರಿ ಸರ್" ಎನ್ನುವಷ್ಟು ಹೊತ್ತು ಇತ್ತು. ಹಾಗೆ ಅಂದಿದ್ದರೆ ಪಟ್ಟಿ ನನ್ನ ಜೇಬಿನಲ್ಲಿ ಯಾಕೆ ಇದೆ ಎಂದು ಹೇಳಬೇಕಾಗುತ್ತಿತ್ತು. ಬಟ್ಟೆ ಇಟ್ಟವರು ಅವರೇ ಅಲ್ಲವೇ, ಅವರಿಗೆ ನೆನಪಿರುತ್ತದೆ ಎಂದುಕೊಂಡೆ. ಬಾಯಿ ತೆರೆಯಲಿಲ್ಲ.

ಟ್ಯೂಬು ಹೊರಗೆ ಬಂತು.

ಹುಡುಗಿಯ ಎದೆ ಮೇಲೆದ್ದಿತು, ಆದರೆ ಗಾಳಿಯ ಸದ್ದಿಲ್ಲ. ಮತ್ತೆ ಎದ್ದಿತು. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಂಡಿತು. ಡಾಕ್ಟರು ಮಾಸ್ಕ್ ಒತ್ತಿ ಗಾಳಿಯ ಚೀಲ ಹಿಂಡಿದರು. ಚೀಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಗಾಳಿ ಒಳಗೆ ಹೋಗುತ್ತಿಲ್ಲ. ಮಾನಿಟರಿನ ಸದ್ದು ಇಳಿಯುತ್ತ ಬಂತು. ತುಟಿ ನೇರಳೆಯಾಯಿತು. "ಏನಾತಿದು, ಏನಾತಿದು" ಎನ್ನುತ್ತಿದ್ದರು ಡಾಕ್ಟರು. ಏನಾಯಿತೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆಗಲೂ ನನ್ನ ನಾಲಿಗೆ ಏಳಲಿಲ್ಲ.

ಬಾಗಿಲು ತಳ್ಳಿಕೊಂಡು ಅಕ್ಕಾರು ಬಂದರು. ಹುಡುಗಿಯ ಮುಖ ನೋಡಿದರು. ಹಣೆಯ ಮೇಲಿನ ಮೂರು ಬಿಳಿ ಗೆರೆ ನೋಡಿದರು. ನನ್ನನ್ನು ನೋಡಿದರು. ಅಷ್ಟು ನೋಡಲು ಒಂದು ಉಸಿರಿನ ಹೊತ್ತೂ ಆಗಿರಲಿಕ್ಕಿಲ್ಲ.

"ಬಟ್ಟಿ ಒಳಗದ!" ಎಂದು ಕೂಗಿದರು. ಈ ಸಲ ಯಾರೂ "ಒಳಗದ" ಎನ್ನಲಿಲ್ಲ. ಬಾಗಿದ ಚಿಮಟವನ್ನು ಡಾಕ್ಟರ ಕೈಗೆ ಹಾಕಿ, ಹುಡುಗಿಯ ದವಡೆ ಎತ್ತಿ ಹಿಡಿದರು. ರಕ್ತದಲ್ಲಿ ತೊಯ್ದ ಬಟ್ಟೆ ಮೊಳದುದ್ದ ಎಳೆದುಕೊಂಡು ಬಂತು. ಆಮೇಲೆ ಒಂದು ಸದ್ದು ಬಂತು. ಮುಳುಗಿದವರು ನೀರಿನಿಂದ ತಲೆ ಎತ್ತಿ ಉಸಿರೆಳೆದಂಥ ಸದ್ದು. ಅಕ್ಕಾರು ಆ ಬಟ್ಟೆಯನ್ನು ಎತ್ತಿ ನಮ್ಮಿಬ್ಬರಿಗೂ ತೋರಿಸಿದರು, ರೂಢಿಯಂತೆ. ಪಟ್ಟಿ ಕೀಳಲು ಅವರ ಕೈ ಹಣೆಗೆ ಹೋಯಿತು. ಅಲ್ಲಿ ಇದ್ದದ್ದು ವಿಭೂತಿ ಮಾತ್ರ.

ಹುಡುಗಿಯನ್ನು ಕಲಬುರಗಿಗೆ ಕಳಿಸಿದರು. ಐದು ದಿನ ಅಲ್ಲಿ ಇಟ್ಟುಕೊಂಡು ಕಳಿಸಿದರು. ಏನೂ ಊನವಾಗಲಿಲ್ಲ. ಆಕೆಗೆ ಈಗ ಮಕ್ಕಳಿದ್ದಾರೆ ಎಂದು ಕೇಳಿದ್ದೇನೆ. ನನ್ನ ಪಾಪಕ್ಕೆ ಅದೊಂದೇ ರಿಯಾಯಿತಿ.

ಅಂದು ಸಂಜೆ ಹಳದಿ ಚೀಲದ ಬಾಯಿ ಕಟ್ಟುವ ಮೊದಲು ಜೇಬಿನ ಪಟ್ಟಿಯನ್ನು ಅದರೊಳಗೆ ಹಾಕಿದೆ. "ಬಟ್ಟಿ ಅದ" ಎಂಬ ಅಕ್ಷರ ಮೇಲೆ ಕಂಡಿತು. ಅದನ್ನು ರಕ್ತದ ಬಟ್ಟೆಯ ಕೆಳಗೆ ತುರುಕಿದೆ.

ಹುಡುಗಿಯ ಮನೆಯವರು ಜನ ಕಟ್ಟಿಕೊಂಡು ಬಂದು ಗದ್ದಲ ಮಾಡಿದರು. ಆಸ್ಪತ್ರೆಯ ಮಾಲಕರಾದ ದೊಡ್ಡ ಡಾಕ್ಟರು ಯಾರ ಮೇಲಾದರೂ ತಪ್ಪು ತೋರಿಸಲೇಬೇಕಿತ್ತು. ಹೊರಗಿನಿಂದ ಬರುವ ಡಾಕ್ಟರುಗಳು ಬಾರದಿದ್ದರೆ ಆಸ್ಪತ್ರೆ ನಡೆಯದು, ಅವರ ಮೇಲೆ ತೋರಿಸುವಂತಿರಲಿಲ್ಲ. ನಮ್ಮನ್ನೆಲ್ಲ ಅವರ ಕೋಣೆಗೆ ಕರೆದರು. ಅಕ್ಕಾರು "ನಾ ಪಟ್ಟಿ ಹಚ್ಚಿದ್ದೆ ಸರ್" ಎಂದರು. "ಹಂಗಾದ್ರ ಎಲ್ಲಿ ಹೋತು?" ಎಂದರು ದೊಡ್ಡ ಡಾಕ್ಟರು. ಅಕ್ಕಾರು ನನ್ನ ಕಡೆ ತಿರುಗಿದರು. ಬೆರಳು ಮಾಡಲಿಲ್ಲ, ಹೆಸರು ಹೇಳಲಿಲ್ಲ.

"ತಮ್ಮ, ನೀ ಏನರ ಹೇಳೂದದ ಏನು?" ಎಂದರು.

"ಇಲ್ರಿ ಅಕ್ಕಾರ" ಎಂದೆ.

ನನ್ನ ಅಕ್ಷರ ದುಂಡಗಿದೆ ಎಂದು ಹೇಳಿಕೆಯನ್ನು ನನ್ನ ಕೈಯಿಂದಲೇ ಬರೆಸಿದರು. "ಟ್ಯೂಬ್ ತೆಗೆಯುವ ಸಮಯಕ್ಕೆ ಪೇಷಂಟಿನ ಹಣೆಯ ಮೇಲೆ ಪಟ್ಟಿ ಇರಲಿಲ್ಲ" ಎಂದು ಬರೆದೆ. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ ಎಂದು ಆಮೇಲೆ ಬಹಳ ವರ್ಷ ನನ್ನನ್ನು ಸಮಾಧಾನ ಮಾಡಿಕೊಂಡೆ. ಮುಂದಿನ ಸಾಲು ದೊಡ್ಡ ಡಾಕ್ಟರು ಹೇಳಿ ಬರೆಸಿದ್ದು: "ಪಟ್ಟಿ ಹಚ್ಚುವ ಜವಾಬ್ದಾರಿ ಸ್ಟಾಫ್ ನರ್ಸ್ ಇಂಥವರದು." ಇಂಥವರು ಎಂದ ಜಾಗದಲ್ಲಿ ಅಕ್ಕಾರ ಹೆಸರು ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ.

ವಾರದ ನಂತರ ಹುಡುಗಿಯ ಅಜ್ಜಿ ಬಂದಳು. ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರು ನನ್ನ ಎರಡೂ ಕೈ ಹಿಡಿದು, "ನೀ ಹಚ್ಚಿದ ಈಬತ್ತಿನ ನಮ್ಮ ಕೂಸಿನ ಉಳಿಸ್ತಪ" ಎಂದು ಅತ್ತಳು. ಔಷಧದ ಕಪಾಟಿನ ಹತ್ತಿರ ಅಕ್ಕಾರು ನಿಂತಿದ್ದರು. ಕೀಲಿಗಳನ್ನು ಒಪ್ಪಿಸಲು ಬಂದಿದ್ದರು. ಆ ಹೇಳಿಕೆಯ ಮೇಲೆ ಕೆಲಸದಿಂದ ತೆಗೆದಿದ್ದರು, ಅಂದೇ ಅವರ ಕೊನೆಯ ದಿನ. ಕೇಳಿಸಿಕೊಂಡರು. ಆ ಮುದುಕಿಯನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, "ಮೊಮ್ಮಗಳಿಗಿ ವಾಸನಿ ಬರಾಕತ್ತದ ಏನು ಆಯಿ?" ಎಂದು ಕೇಳಿದರು.

"ಬರಾಕತ್ತದವ್ವ. ನಿನ್ನಿ ಹಾಲು ಉಕ್ಕಿದ್ದು ಹೊರಗ ಕುಂತಾಕಿಗಿ ಗೊತ್ತಾತು."

"ಛಲೋ ಆತು" ಎಂದರು ಅಕ್ಕಾರು.

ಅವರ ಚೀಲ ಹಿಡಿದುಕೊಂಡು ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಹೇಳಬೇಕು ಎಂದೇ ಹೋಗಿರಬೇಕು. ಸುರಪುರದ ಬಸ್ಸಿಗೆ ಕಾಯುತ್ತ ನಿಂತೆವು. ಅವರ ಮುಂಗೈಯಲ್ಲಿ ಸುರುಳಿ ಇರಲಿಲ್ಲ, ಇದ್ದ ಜಾಗದ ಚರ್ಮ ಬೆಳ್ಳಗಿತ್ತು. ಅವರೇ ಅಂದರು:

"ಈಬತ್ತಿ ಹಚ್ಚಿದ್ದು ತಪ್ಪಲ್ಲೋ ತಮ್ಮ. ಹಚ್ಚೇನಿ ಅಂತ ಹೇಳಬೇಕಿತ್ತು."

ಹಾಗೆಂದು ನನ್ನ ಮುಖ ನೋಡಿದರು. ಕಾದರು. ಆ ಕಾಯುವಿಕೆಯಲ್ಲಿ ಸಿಟ್ಟಿರಲಿಲ್ಲ. ಹೇಳಿದರೆ ಮುಗಿದುಹೋಗುತ್ತಿತ್ತು. ಇಬ್ಬರೂ ಹಿಂದಿರುಗಿ ಆಸ್ಪತ್ರೆಗೆ ನಡೆದರೆ ಹತ್ತು ನಿಮಿಷದ ದಾರಿ.

"ನಿಮ್ಮ ಬಸ್ ಬಂತು ನೋಡ್ರಿ ಅಕ್ಕಾರ" ಎಂದೆ.

ಅದೇ ನಾನು ಅವರಿಗೆ ಆಡಿದ ಕೊನೆಯ ಮಾತು.

ಆಮೇಲೆ ಅವರು ಕೆಂಭಾವಿಯ ಕಡೆ ಒಂದು ಚಿಕ್ಕ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾರೆ, ಹೊಸ ಹುಡುಗಿಯರಿಗೆ ಕೆಲಸ ಕಲಿಸುತ್ತಾರೆ ಎಂದು ಕೇಳಿದೆ. ಬಸ್ಸಿಗೆ ಹೆಚ್ಚು ದೂರವಿಲ್ಲ. ಸಂತೆಯ ನೆಪದಲ್ಲಿ ಎರಡು ಸಲ ಕೆಂಭಾವಿಗೆ ಹೋದೆ. ಸಂತೆ ಮಾಡಿಕೊಂಡು ತಿರುಗಿ ಬಂದೆ.

ಈ ಬೇಸಿಗೆಯಲ್ಲಿ ನನ್ನ ಮೂಗಿನಲ್ಲೇ ದುರ್ಮಾಂಸ ಬೆಳೆಯಿತು. ಯಾದಗಿರಿಯಲ್ಲಿ ಆಪರೇಷನ್ ಎಂದಾಯಿತು. ಸ್ಟ್ರೆಚರಿನ ಮೇಲೆ ಮಲಗಿದ್ದೆ. ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಹಣೆಯ ಮೇಲಿತ್ತು. ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬಳು ಹತ್ತಿಯಲ್ಲಿ ಸ್ಪಿರಿಟ್ ಅದ್ದಿಕೊಂಡು ಬಂದಳು. "ಮುತ್ಯಾ, ಈಬತ್ತಿ ಒರೆಸ್ತೇನಿ, ಸಿಟ್ಟಾಗಬ್ಯಾಡ್ರಿ. ಹಣಿಗಿ ಪಟ್ಟಿ ಹಚ್ಚಬೇಕು" ಎಂದಳು. ಅವಳ ಎಡ ಮುಂಗೈ ನೋಡಿದೆ. ಬಿಳಿ ಸುರುಳಿ.

"ಯಾರು ಕಲಿಸ್ಯಾರವ್ವ ಇದನ್ನ?"

"ಕೆಂಭಾವ್ಯಾಗ ನಮ್ಮ ಅಕ್ಕಾರು ಇದ್ರಲ್ರಿ, ಅವರು. ಇಲ್ಲಿ ಡಾಕ್ಟರು ಈಗ ಕಾಗದದ ಮ್ಯಾಲ ಎಲ್ಲಾ ಬರದು ಓದತಾರ, ಪಟ್ಟಿ ಬ್ಯಾಡ ಅಂತಾರ. ಆದ್ರೂ ನಾ ಬಿಡಂಗಿಲ್ಲ."

"ಹ್ಯಾಂಗದಾರ ಅವರು?"

"ತೀರಿಹೋಗಿ ವರ್ಷಾತ್ರಿ ಮುತ್ಯಾ."

ಅವಳು ಹಣೆ ಒರೆಸುತ್ತಿದ್ದಳು. ನನ್ನ ಕಣ್ಣ ಮೂಲೆಯಿಂದ ನೀರು ಕಿವಿಗೆ ಇಳಿಯಿತು. ಹೆದರಿದ್ದೇನೆ ಎಂದು ತಿಳಿದು ಸಮಾಧಾನದ ದನಿಯಲ್ಲಿ ಮಾತು ಮುಂದುವರಿಸಿದಳು: "ಅಕ್ಕಾರು ಒಂದು ಮಾತು ಹೇಳತಿದ್ರು ನೋಡ್ರಿ. ಒಮ್ಮಿ ಅವರ ಕೈಯಾಗ ಒಬ್ಬ ಹುಡಿಗಿ ಸಾಯಾಕ ಹೋಗಿದ್ಲಂತ. 'ಪಟ್ಟಿ ಹಚ್ಚಿ ಇನ್ನೊಬ್ಬರಿಗಿ ಕಾಯಾಕ ಹೇಳಿ ಹ್ವಾದೆ, ಅದು ನನ್ನ ತಪ್ಪು. ಹಚ್ಚಿದಾಕಿ ಅಲ್ಲೇ ನಿಂದರಬೇಕು' ಅಂತಿದ್ರು. ಆ ಇನ್ನೊಬ್ಬರು ಯಾರಂತ ನಾವು ಭಾಳ ಕೇಳತಿದ್ವಿ."

"ಏನಂತಿದ್ರು?"

"'ನಮ್ಮಾಂವ ಒಬ್ಬ' ಅಂತಿದ್ರು. ಅಷ್ಟ. ಹೆಸರು ಹೇಳಲಿಲ್ಲ."

ಒದ್ದೆ ಹಣೆ ಆರಿದ ಮೇಲೆ ಅವಳು ಬರಿಯ ಪಟ್ಟಿ ಹರಿದು ಅಂಟಿಸಿ, "ಬಟ್ಟಿ ಇಟ್ಟ ಮ್ಯಾಲ ಇದರ ಮ್ಯಾಲ ಬರೀತೇನಿ" ಎನ್ನುತ್ತ ಹೆಬ್ಬೆರಳಿನಿಂದ ಎರಡು ಸಲ ಒತ್ತಿದಳು. "ನೀ ಅಲ್ಲೇ ನಿಂದರವ್ವ" ಎಂದೆ. "ನಿಂದರ್ತೇನಿ ಮುತ್ಯಾ" ಎಂದಳು. ಎಚ್ಚರವಾದಾಗ ಪಕ್ಕದಲ್ಲೇ ಇದ್ದಳು.

ಅವಳಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಕಲಿತಿಲ್ಲ ನಾನು ಇನ್ನೂ. ಮನೆಗೆ ಬಂದು, ಮೂಗಿನ ಸ್ಪಂಜು ತೆಗೆದ ಮರುದಿನ ಈ ನೋಟ್‌ಬುಕ್ಕು ತೆಗೆದುಕೊಂಡೆ. ಬರೆದು ಮುಗಿದ ಮೇಲೆ ಇದರ ಒಂದು ಪ್ರತಿ ಆ ಸಿಸ್ಟರಿಗೆ, ಒಂದು ದೋರನಹಳ್ಳಿಗೆ, ಆ ಹುಡುಗಿಯ ಮನೆಗೆ ಹೋಗುತ್ತದೆ. ರಂಗಂಪೇಟೆಯಲ್ಲಿ ಅಕ್ಕಾರ ಮನೆಯವರು ಯಾರಾದರೂ ಇದ್ದರೆ ಅವರ ಕೈಗೆ ನಾನೇ ಒಯ್ದು ಕೊಡುತ್ತೇನೆ.

ಆಕೆಯ ಹೆಸರನ್ನು ನನ್ನ ಕೈ ಒಂದೇ ಸಲ ಬರೆದಿತ್ತು, ಆ ಹೇಳಿಕೆಯಲ್ಲಿ. ಆ ಹೇಳಿಕೆಯನ್ನು ಈಗ ತಿದ್ದಿ ಬರೆಯುತ್ತೇನೆ.

ಟ್ಯೂಬ್ ತೆಗೆಯುವ ಸಮಯಕ್ಕೆ ಪೇಷಂಟಿನ ಹಣೆಯ ಮೇಲೆ ಪಟ್ಟಿ ಇರಲಿಲ್ಲ. ಅದನ್ನು ಕಿತ್ತವನು ನಾನು. ಹಚ್ಚಿದವರು ಸ್ಟಾಫ್ ನರ್ಸ್ ಯಂಕಮ್ಮ.